ಅಜ್ಜಿಯ ನಿದ್ದೆ ಮತ್ತು ಅಳಿಸಿಹೋದ ಕಾಲುಗಳು: ಹಾಸನದ ಸ್ಟುಡಿಯೊವೊಂದರ ಫೋಟೊ ದುರಸ್ತಿ

ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಕಲೆ, ಮಡಿಕೆಗಳನ್ನು ಹೋಗಲಾಡಿಸಿ, ದೊಡ್ಡದು ಮಾಡಿಕೊಡುವ ಹಾಸನದ ಸ್ಟುಡಿಯೊವೊಂದಕ್ಕೆ ಕಳೆದ ತಿಂಗಳು ನಮ್ಮ ಅಜ್ಜಿಯ ಚಿತ್ರವೊಂದನ್ನು ಕೊಟ್ಟಿದ್ದೆ. ಕೆಲಸ ಹೇಗಿತ್ತು ಎನ್ನುವ ಮೊದಲು ಚಿತ್ರದಲ್ಲಿ ಏನಿದೆ ಎಂದು ಹೇಳಬೇಕು. ನನ್ನ ತಕರಾರು ಇರುವುದೇ ಅಲ್ಲಿ.

1953ರ ಮಾರ್ಚ್‌ನಲ್ಲಿ, ಹದಿಮೂರು ವರ್ಷಗಳ ನಂತರ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ, ತಾತ ಯಾರಿಂದಲೋ ಬಾಕ್ಸ್ ಕ್ಯಾಮೆರಾ ಎರವಲು ತಂದು ತೆಗೆದ ಚಿತ್ರವಿದು. ವಿಂಧ್ಯಗಿರಿಯ ಮೆಟ್ಟಿಲುಗಳ ಪಕ್ಕದ ಬಂಡೆಯ ಮೇಲೆ, ಒಂದು ಗೇಣು ನೆರಳಿನಲ್ಲಿ ಅಜ್ಜಿ ಮಗ್ಗುಲಾಗಿ ಮಲಗಿದ್ದಾಳೆ. ತಲೆಯಡಿ ಬುತ್ತಿಯ ಗಂಟು, ಮುಖದ ಮೇಲೆ ಸೆರಗು. ಗಂಟಿನ ತುದಿಯನ್ನು ತೋರುಬೆರಳಿಗೆ ಎರಡು ಸುತ್ತು ಸುತ್ತಿಕೊಂಡಿದ್ದಾಳೆ. ಬಲ ಅಂಚಿನಲ್ಲಿ ಯಾರದೋ ಎರಡು ಬರಿಗಾಲುಗಳು, ಮೇಲೆ ಒಂದು ಕೊಡೆಯ ಚುಂಗು ಇವೆ; ಇವೆರಡೂ ಕದಡಿವೆ. ಅಂಥ ಕ್ಯಾಮೆರಾಗಳ ಶಟರ್ ನಿಧಾನದ್ದಾದ್ದರಿಂದ ನಡೆಯುವವರು ಮಸುಕಾಗಿ, ಅಲುಗಾಡದವರು ಮಾತ್ರ ಸ್ಪಷ್ಟವಾಗಿ ಮೂಡುತ್ತಿದ್ದರು.

ತಾತ ತಮಾಷೆಗೆ ತೆಗೆದಿರಬೇಕು ಎಂದೇ ಬಹಳ ದಿನ ಅಂದುಕೊಂಡಿದ್ದೆ. ಆದರೆ 120 ಎಂಬ ಅಳತೆಯ ಫಿಲ್ಮ್ ರೋಲಿನಲ್ಲಿ ಆ ಕ್ಯಾಮೆರಾಕ್ಕೆ ಸಿಗುತ್ತಿದ್ದದ್ದು ಎಂಟೇ ಚಿತ್ರ, ಅದರಲ್ಲೊಂದನ್ನು ಗೊಮ್ಮಟನನ್ನು ಬಿಟ್ಟು ಮಲಗಿದ ಹೆಂಡತಿಗೆ ಖರ್ಚು ಮಾಡಿದ್ದಾರೆ. ಸಾಮಾನ್ಯವಾಗಿ ಸೊಂಟದ ಮಟ್ಟದಲ್ಲಿ ಹಿಡಿಯುವ ಕ್ಯಾಮೆರಾ ಇಲ್ಲಿ ಇನ್ನೂ ಕೆಳಗಿದೆ, ದಾರಿಹೋಕರ ಪಾದಗಳು ಎದುರಿಗೇ ಬಂದಂತಿವೆ. ಅಂದರೆ ಅವರೂ ಅಲ್ಲೇ ಕುಳಿತಿದ್ದರು, ಬಹುಶಃ ಅವಳು ಏಳುವವರೆಗೆ ಕಾವಲಿಗೆ. ಮನೆಯಲ್ಲಿ ಗಂಡಸರ ಎದುರು ಕಾಲು ಚಾಚಿ ಕೂರದ ಹೆಂಗಸು ಅಷ್ಟು ಜನರ ನಡುವೆ, ಸೆರಗನ್ನೇ ಕೋಣೆಯ ಬಾಗಿಲಿನಂತೆ ಎಳೆದುಕೊಂಡು ನಿದ್ದೆ ಹೋಗಿದ್ದಾಳೆ.

ಸ್ಟುಡಿಯೊದವರು ಮೊದಲು ಕೊಟ್ಟ ಪ್ರತಿಯಲ್ಲಿ ಆ ಕಾಲುಗಳೂ ಇರಲಿಲ್ಲ, ಕೊಡೆಯೂ ಇರಲಿಲ್ಲ. "ಅಡ್ಡ ಬಂದಿದ್ದವು ಸಾರ್, ಕ್ಲೀನ್ ಮಾಡಿದ್ವಿ" ಎಂದರು. ನೆರಳನ್ನೂ ತಿಳಿಗೊಳಿಸಿದ್ದರು. ಒಟ್ಟಿನಲ್ಲಿ ಅಜ್ಜಿ ಯಾವುದೋ ಖಾಲಿ ಬಯಲಿನಲ್ಲಿ, ಬೇಸರಕ್ಕೆ ಅಡ್ಡಾದವಳಂತೆ ಕಂಡಳು. ನಾಲ್ಕು ದಿನ ಎಂದು ಹೇಳಿ ಹತ್ತು ದಿನ ಮಾಡಿದ್ದರ ಸಿಟ್ಟು ಇದರ ಮುಂದೆ ಏನೂ ಅಲ್ಲ. ಅಳಿಸುವ ಮೊದಲು ಒಂದು ಮಾತು ಕೇಳುವುದು ಇಂಥ ಕೆಲಸದಲ್ಲಿ ಕಡ್ಡಾಯವಾಗಬೇಕು.

ಕಾಲು, ಕೊಡೆ ಎಲ್ಲ ಇದ್ದ ಹಾಗೇ ಬೇಕು ಎಂದು ಮತ್ತೆ ಮಾಡಿಸಿದೆ. ಈ ಎರಡನೆಯ ಸಲ ಮಾತ್ರ ಅವರ ಕೈಚಳಕ ಮೆಚ್ಚಬೇಕಾದದ್ದೇ. ನಡುವಿನ ಮಡಿಕೆಯ ಬಿಳಿ ಗೆರೆ ಪೂರ್ತಿ ಮಾಯವಾಗಿದೆ, ಬಂಡೆಯ ಒರಟು ಹಾಗೇ ಉಳಿದಿದೆ, ಕಾಲುಂಗುರದ ಮಿನುಗೂ ಕಾಣುತ್ತದೆ. ಮ್ಯಾಟ್ ಕಾಗದವನ್ನೇ ಕೇಳಿ ಪಡೆಯಿರಿ. ಹೊಳೆಯುವ ಕಾಗದದಲ್ಲಿ ಕಪ್ಪು ಭಾಗದೊಳಗೆ ನಮ್ಮ ಮುಖವೇ ಕಾಣುತ್ತದೆ. ಫ್ರೇಮ್ ಸೇರಿ 1,200 ರೂಪಾಯಿ ಆಯಿತು, ಮರುಪ್ರತಿಗೆ ಹಣ ಕೇಳಲಿಲ್ಲ.

ಕಾಲುಗಳಿರುವ ಪ್ರತಿ ನಮ್ಮ ನಡುಮನೆಯಲ್ಲಿದೆ. ಅಮ್ಮ ಮಾತ್ರ ಮೊದಲನೆಯದೇ ಚೆನ್ನಾಗಿದೆ, ತನ್ನ ತಾಯಿಯನ್ನು ಯಾರೂ ದಾಟಿಕೊಂಡು ಹೋಗುತ್ತಿಲ್ಲ ಎಂದು ಅದನ್ನು ತನ್ನ ಮಂಚದ ಪಕ್ಕದಲ್ಲಿ ಇಟ್ಟುಕೊಂಡಿದ್ದಾಳೆ.