14 ತಿಂಗಳು ಡಾವೊ ಸದಸ್ಯಳಾಗಿ ಕಂಡಿದ್ದು: ಐದಕ್ಕೆ ಎರಡೂವರೆ

ನಾನು ಒಂದು ಸಹಕಾರ ಸಂಘದಲ್ಲಿ 9 ವರ್ಷ ಕಾರ್ಯದರ್ಶಿಯಾಗಿದ್ದವಳು. ಕೋರಂ ಆಗದೆ ಮುಂದಕ್ಕೆ ಹೋದ ಸಭೆಗಳು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಲು ಒಪ್ಪದ ನಿರ್ದೇಶಕರು, ತಿಂಗಳುಗಟ್ಟಲೆ ಪಾಸಾಗದೆ ಕೂತ ಬಿಲ್ಲುಗಳು, ಎಲ್ಲ ನೋಡಿದ್ದೇನೆ. ಅದಕ್ಕೇ ಗೆಳತಿಯೊಬ್ಬಳು "ಇಲ್ಲಿ ಅಧ್ಯಕ್ಷರೂ ಇಲ್ಲ, ಕಾರ್ಯದರ್ಶಿಯೂ ಇಲ್ಲ. ಬೈಲಾ ಎಲ್ಲ ಕೋಡ್‌ನಲ್ಲೇ ಇದೆ, ಯಾರೂ ಮುರಿಯೋಕೆ ಆಗಲ್ಲ" ಎಂದಾಗ ತುಂಬಾ ಆಸೆಯಿಂದ ಒಂದು ಡಾವೊ ಸೇರಿದೆ. ಡಾವೊ ಅಂದರೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇರುವ, ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ) ಮೇಲೆ ನಡೆಯುವ ಸಂಘ. ಷೇರಿನ ಜಾಗದಲ್ಲಿ ಟೋಕನ್, ಸಭೆಯ ಜಾಗದಲ್ಲಿ ಆನ್‌ಲೈನ್ ಮತ. ನಾನು ಸೇರಿದ್ದು ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ ಸಾಫ್ಟ್‌ವೇರ್) ಕೆಲಸಗಳಿಗೆ ಹಣ ಕೊಡುವ ಸಣ್ಣ ಗುಂಪು. ಹೆಸರು ಹೇಳುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಅದು ನಿಜಕ್ಕೂ ಒಳ್ಳೆಯದು. ಖಜಾನೆಯ ವಿಳಾಸ ಎಲ್ಲರಿಗೂ ತೆರೆದಿದೆ. ಎಷ್ಟು ಹಣ ಬಂತು, ಯಾವ ವಿಳಾಸಕ್ಕೆ ಹೋಯಿತು, ಎಷ್ಟು ಹೊತ್ತಿಗೆ ಹೋಯಿತು, ರಾತ್ರಿ ಎರಡು ಗಂಟೆಗೂ ಕೂತು ನೋಡಬಹುದು. ನಮ್ಮ ಸಂಘದಲ್ಲಿ ಸದಸ್ಯರಿಗೆ ಲೆಕ್ಕ ಕಾಣುತ್ತಿದ್ದದ್ದು ವರ್ಷಕ್ಕೊಮ್ಮೆ, ಆಡಿಟ್ ಆದ ಮೇಲೆ. ಆ ಲೆಕ್ಕ ಕೇಳಲು ಬಂದವರನ್ನು "ನಾಳೆ ಬನ್ನಿ" ಎಂದು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಈ ಒಂದು ವಿಷಯದಲ್ಲಿ ಹಳೆಯ ವ್ಯವಸ್ಥೆ ಹತ್ತಿರಕ್ಕೂ ಬರುವುದಿಲ್ಲ.

ಮತ ಹಾಕುವುದೂ ಸುಲಭ. ನಮ್ಮ ಗುಂಪು ಬಳಸುವುದು ಸ್ನ್ಯಾಪ್‌ಶಾಟ್ ಎಂಬ ಮತದಾನದ ಜಾಲತಾಣ. ಪ್ರಸ್ತಾವ ಓದಬೇಕು, ಪರವೋ ವಿರೋಧವೋ ಆರಿಸಬೇಕು, ವಾಲೆಟ್‌ನಲ್ಲಿ, ಅಂದರೆ ಟೋಕನ್ ಇಟ್ಟುಕೊಳ್ಳುವ ಡಿಜಿಟಲ್ ಖಾತೆಯಲ್ಲಿ, ಸಹಿ ಮಾಡಬೇಕು. ಸಹಿಗೆ ಶುಲ್ಕವಿಲ್ಲ. ಆದರೆ ಈ ಮತ ಬ್ಲಾಕ್‌ಚೈನ್‌ಗೆ ಹೋಗುವುದೇ ಇಲ್ಲ. ಹಣ ತಾನಾಗಿಯೂ ಹೋಗುವುದಿಲ್ಲ. ಖಜಾನೆಗೆ 5 ಕೀಲಿ, ಅದರಲ್ಲಿ 3 ಜನ ಸಹಿ ಹಾಕಿದರೆ ಮಾತ್ರ ಹಣ ಹೊರಡುತ್ತದೆ. ಆ ಐವರನ್ನು ಯಾರು ಆರಿಸಿದರು ಎಂದು ಕೇಳಿದೆ. ಶುರುವಿನಲ್ಲಿ ಇದ್ದವರು ಅಂತ ಉತ್ತರ ಬಂತು. ನಮ್ಮ ಸಂಘದ ನಿರ್ದೇಶಕರು ಎಂಥವರೇ ಇರಲಿ, ಅವರಿಗೊಂದು ಚುನಾವಣೆ ಇತ್ತು, ಅವಧಿಯೂ ಇತ್ತು.

ನನ್ನ ಮನಸ್ಸು ಮುರಿದದ್ದು ಎಂಟನೇ ತಿಂಗಳಲ್ಲಿ. ಸಾಫ್ಟ್‌ವೇರ್‌ಗೆ ಕೈಪಿಡಿ ಬರೆಯುವ ನಾಲ್ವರಿಗೆ ಕೊಡುತ್ತಿದ್ದ ತಿಂಗಳ ಹಣ ನಿಲ್ಲಿಸಬೇಕು ಎಂಬ ಪ್ರಸ್ತಾವ ಬಂತು. ಒಟ್ಟು 70 ವಾಲೆಟ್‌ಗಳು ಮತ ಹಾಕಿದವು. 58 ವಿರೋಧ, 12 ಪರ. ಕೊನೆಯ ದಿನ ಸಂಜೆಯವರೆಗೂ ವಿರೋಧದ ಪಾಲೇ ದೊಡ್ಡದಿತ್ತು. ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಎರಡು ವಾಲೆಟ್‌ಗಳು ಬಂದವು. ನಾನು ನೋಡುತ್ತಿದ್ದಂತೆಯೇ ಪರದ ಪಾಲು ಶೇ 64ಕ್ಕೆ ಏರಿತು. ಪ್ರಸ್ತಾವ ಪಾಸಾಯಿತು. ಎಣಿಕೆಯಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಎಣಿಸಿದ್ದು ಜನರನ್ನಲ್ಲ, ಟೋಕನ್‌ಗಳನ್ನು.

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಮತ್ತಿತರ ಕೆಲಸಗಾರರು ಸೇರಿ ಸಹಕಾರ ಸಂಘ ಕಟ್ಟಿದಾಗ, ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ ಎಂಬ ನಿಯಮ ಹಿಡಿದರು. ದುಡ್ಡಿದ್ದವನು ಸಂಘವನ್ನೇ ಕೊಳ್ಳಬಾರದು ಅಂತಲೇ ಅಲ್ವಾ ಆ ನಿಯಮ? ಡಾವೊದಲ್ಲಿ ಅದನ್ನು ತರುವುದು ಕಷ್ಟ. ಒಬ್ಬನೇ ಕೂತು ನೂರು ವಾಲೆಟ್ ತೆರೆಯಬಹುದು, ಹಾಗಾಗಿ ತಲೆ ಎಣಿಸುವ ಬದಲು ಟೋಕನ್ ಎಣಿಸುತ್ತಾರೆ. ಬ್ಲಾಕ್‌ಚೈನ್ ವ್ಯವಹಾರಗಳನ್ನು ವಿಶ್ಲೇಷಿಸುವ ಚೈನಾಲಿಸಿಸ್ ಸಂಸ್ಥೆ 2022ರಲ್ಲಿ 10 ದೊಡ್ಡ ಡಾವೊಗಳನ್ನು ನೋಡಿದಾಗ, ಟೋಕನ್ ಇರುವವರಲ್ಲಿ ಶೇ 1ಕ್ಕಿಂತ ಕಡಿಮೆ ಜನರ ಕೈಯಲ್ಲೇ ಶೇ 90ರಷ್ಟು ಮತಬಲ ಇತ್ತು.

ಆ ಬಲವನ್ನು ಕೆಲವು ಸೆಕೆಂಡಿಗೆ ಸಾಲವಾಗಿಯೂ ತರಬಹುದು. 2022ರ ಏಪ್ರಿಲ್‌ನಲ್ಲಿ ಬೀನ್‌ಸ್ಟಾಕ್ ಎಂಬ ಕ್ರಿಪ್ಟೋ ಹಣದ ವ್ಯವಸ್ಥೆಗೆ ಆದದ್ದು ಇದೇ. ಒಬ್ಬ ಹಿಂದಿನ ದಿನವೇ ಪ್ರಸ್ತಾವ ಹಾಕಿಟ್ಟ. ಮರುದಿನ ಸುಮಾರು 100 ಕೋಟಿ ಡಾಲರ್ ಫ್ಲ್ಯಾಶ್ ಲೋನ್ (ಅಡವಿಲ್ಲದೆ ಪಡೆದು ಅದೇ ವ್ಯವಹಾರದಲ್ಲೇ ತೀರಿಸುವ ಸಾಲ) ಎತ್ತಿ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮತ ಮಾಡಿಕೊಂಡು, ಪ್ರಸ್ತಾವ ಪಾಸು ಮಾಡಿ, ಖಜಾನೆ ಖಾಲಿ ಮಾಡಿ, ಸಾಲವನ್ನೂ ತೀರಿಸಿದ. ನಷ್ಟ ಸುಮಾರು 18.2 ಕೋಟಿ ಡಾಲರ್. ನಿಯಮದ ಪ್ರಕಾರ ನೋಡಿದರೆ ಅದೊಂದು ಪಾಸಾದ ಠರಾವು.

ನಮ್ಮ ಸಂಘದ ಒಂದು ಮಹಾಸಭೆ ನೆನಪಾಗುತ್ತದೆ. ಸಾಲದ ಠರಾವು ಓದಿಯಾಗಿತ್ತು, ಕೈ ಎತ್ತುವುದೊಂದು ಬಾಕಿ. ಹಿಂದಿನ ಸಾಲಿನಿಂದ ವಯಸ್ಸಾದ ಸದಸ್ಯೆಯೊಬ್ಬರು ಎದ್ದು "ಆ ಬಡ್ಡಿ ಲೆಕ್ಕ ಇನ್ನೊಂದ್ಸಲ ಓದಿ" ಎಂದರು. ಓದಿದೆವು. ತಪ್ಪಿತ್ತು. ಠರಾವನ್ನು ಅಲ್ಲೇ ಹಿಂದಕ್ಕೆ ತಗೊಂಡೆವು. ಅವರದು ಒಂದೇ ಷೇರು. ಡಾವೊದಲ್ಲಿ ಅವರು ಎದ್ದು ನಿಲ್ಲುವ ಜಾಗ ಎಲ್ಲಿದೆ ಎಂದು ನಾನು 14 ತಿಂಗಳಿಂದ ಹುಡುಕುತ್ತಿದ್ದೇನೆ.

ತಪ್ಪಾದ ಮೇಲೆ ನಿಲ್ಲಿಸುವುದೂ ಕಷ್ಟ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಕಾಂಪೌಂಡ್ ಎಂಬ ಕ್ರಿಪ್ಟೋ ಸಾಲದ ವ್ಯವಸ್ಥೆಯಲ್ಲಿ ಮತ ಹಾಕಿಯೇ ತಂದ ಒಂದು ಬದಲಾವಣೆಯಲ್ಲಿ ದೋಷ ಇತ್ತು. ಕೋಟ್ಯಂತರ ಡಾಲರ್ ಬೆಲೆಯ ಟೋಕನ್ ಸಲ್ಲದವರಿಗೆಲ್ಲ ಹೋಗತೊಡಗಿತು. ಎಲ್ಲರಿಗೂ ಗೊತ್ತಿತ್ತು. ಆದರೂ ಯಾವ ಬದಲಾವಣೆಗೂ 7 ದಿನ ಬೇಕು ಎಂಬುದು ಕೋಡ್‌ನಲ್ಲೇ ಇದ್ದ ನಿಯಮ. ಕೋರ್ಟು ನಿಧಾನ ಅಂತ ನಾವೆಲ್ಲ ಬೈಯುತ್ತೇವೆ, ಆದರೆ ತಡೆಯಾಜ್ಞೆ ಒಂದೇ ದಿನದಲ್ಲಿ ಸಿಕ್ಕಿದ್ದೂ ಉಂಟು. 2016ರ ಜೂನ್‌ನಲ್ಲಿ 'ದಿ ಡಾವೊ' ಎಂಬ ಮೊದಲ ದೊಡ್ಡ ಪ್ರಯೋಗದಿಂದ ಸುಮಾರು 36 ಲಕ್ಷ ಈಥರ್ (ಎಥೀರಿಯಂ ಎಂಬ ಬ್ಲಾಕ್‌ಚೈನ್‌ನ ಹಣ) ಹೊರಗೆ ಹರಿದಾಗ ಅದನ್ನು ಮರಳಿ ತಂದದ್ದೂ ಕೋಡ್ ಅಲ್ಲ. ಜನ ಕೂತು ವಾದ ಮಾಡಿ, ಜುಲೈನಲ್ಲಿ ಎಥೀರಿಯಂನ ಇತಿಹಾಸವನ್ನೇ ಬೇರೆ ದಾರಿಗೆ ತಿರುಗಿಸಿದರು. ಒಪ್ಪದವರು ಹಳೆಯ ದಾರಿಯಲ್ಲೇ ಉಳಿದರು, ಅದೇ ಇವತ್ತಿನ ಎಥೀರಿಯಂ ಕ್ಲಾಸಿಕ್.

ಸೇರುವವರು ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ನೋಂದಣಿಯಾದ ಸಂಘದಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿ ಇರುತ್ತದೆ. ನೋಂದಣಿ ಇಲ್ಲದ ಡಾವೊದಲ್ಲಿ ಅದು ಇಲ್ಲದಿರಬಹುದು. 2022ರಲ್ಲಿ ಅಮೆರಿಕದ ಸಿಎಫ್‌ಟಿಸಿ (ವಾಯಿದಾ ವಹಿವಾಟು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಊಕಿ ಡಾವೊ ಮೇಲೆ ಕೇಸು ಹಾಕಿದಾಗ, ಟೋಕನ್ ಹಿಡಿದು ಮತ ಹಾಕಿದವರೇ ಅದರ ಸದಸ್ಯರು ಎಂದು ವಾದಿಸಿತು. ಡಾವೊ ಪರವಾಗಿ ಯಾರೂ ಹಾಜರಾಗಲಿಲ್ಲ, 2023ರ ಜೂನ್‌ನಲ್ಲಿ ಡಾವೊ ವಿರುದ್ಧವೇ ತೀರ್ಪು ಬಂತು. ಅಮೆರಿಕದ ವಯೋಮಿಂಗ್ ರಾಜ್ಯ 2021ರಲ್ಲಿ ಡಾವೊಗಳ ನೋಂದಣಿಗೆ ಕಾನೂನು ಮಾಡಿದೆ. ನಮ್ಮ ಗುಂಪು ಎಲ್ಲೂ ನೋಂದಾಯಿಸಿಲ್ಲ. ಇದು ನನಗೆ ಗೊತ್ತಾದದ್ದು ಸೇರಿ ಆರು ತಿಂಗಳಾದ ಮೇಲೆ.

ಹಾಗಾದರೆ ಸೇರಬಹುದಾ? ಕಳೆದುಕೊಂಡರೂ ಪರವಾಗಿಲ್ಲ ಅನ್ನುವಷ್ಟು ಹಣ ಮಾತ್ರ ಹಾಕುವುದಾದರೆ, ಲೆಕ್ಕ ತೆರೆದಿಡುವುದು ಹೇಗೆ ಎಂದು ಕಲಿಯಲಿಕ್ಕೆ ಸೇರಿ. ಮೊದಲು ಮೂರು ಪ್ರಶ್ನೆ ಕೇಳಿ: ಕೀಲಿ ಯಾರ ಹತ್ತಿರ ಇದೆ, ದೊಡ್ಡ ವಾಲೆಟ್‌ಗಳು ಎಷ್ಟು, ಪಾಸಾದದ್ದನ್ನು ತಡೆಯುವ ದಾರಿ ಏನು. ಮನೆ, ನೀರು, ಪಿಂಚಣಿಯಂಥ ವಿಷಯಗಳನ್ನು ಇದರ ಕೈಗೆ ಕೊಡುವುದಕ್ಕೆ ನಾನಂತೂ ಒಪ್ಪುವುದಿಲ್ಲ.

ನಾನು ಬಿಟ್ಟು ಬಂದಿಲ್ಲ. ಕಳೆದ ವಾರ ಒಂದು ಪ್ರಸ್ತಾವ ಹಾಕಿದ್ದೇನೆ. ಖರ್ಚಿನ ದೊಡ್ಡ ಠರಾವು ಪಾಸಾದರೆ ಹಣ ಹೋಗುವ ಮುಂಚೆ 10 ದಿನ ಕಾಯಬೇಕು. ಆರು ತಿಂಗಳಿಂದ ಮತ ಹಾಕುತ್ತಿರುವ ಯಾವುದೇ 20 ವಾಲೆಟ್‌ಗಳು ಕೇಳಿದರೆ ಅದು ಮತ್ತೆ ಚರ್ಚೆಗೆ ಬರಬೇಕು. ದೋಷ ಸರಿಪಡಿಸುವ ಕೆಲಸಕ್ಕೆ ಈ ನಿಯಮ ಅಡ್ಡ ಬರುವುದಿಲ್ಲ. ಇಷ್ಟು ಹೊತ್ತಿಗೆ 33 ವಾಲೆಟ್‌ಗಳು ಪರ ಇವೆ, 4 ವಿರೋಧ. ಮುಗಿಯಲು ಇನ್ನೂ ಎರಡು ದಿನ ಇದೆ. ಆ ಎರಡು ದೊಡ್ಡ ವಾಲೆಟ್‌ಗಳು ಇನ್ನೂ ಮತ ಹಾಕಿಲ್ಲ.