ಪಿಂಗಾಣಿಯ ಎಗ್ ಕಾಡ್ಲರ್: ಮೊಟ್ಟೆಗೊಂದು ಬಾಣಂತನ

ಅಂಗೈಯಲ್ಲಿ ಹಿಡಿಸುವ ಪಿಂಗಾಣಿ ಬಟ್ಟಲು, ಲೋಹದ ತಿರುಪು ಮುಚ್ಚಳ, ಎತ್ತಲು ಮೇಲೊಂದು ಬಳೆ. ಮೊಟ್ಟೆಯನ್ನು ಇದರೊಳಗೆ ಒಡೆದು ಹಾಕಿ, ಬಟ್ಟಲನ್ನೇ ಬಿಸಿನೀರಿನಲ್ಲಿ ನಿಲ್ಲಿಸಿ ಬೇಯಿಸುವುದು. ಒಳ್ಳೆಯ ಸಾಮಾನು, ಅವಸರದವರಿಗಲ್ಲ.

ಒಳಗೋಡೆಗೂ ಮುಚ್ಚಳದ ಅಡಿಗೂ ಸೇರಿ ಅರ್ಧ ಚಮಚ ಬೆಣ್ಣೆ ಸವರಿ. ಬಿಟ್ಟರೆ ಬಿಳಿಭಾಗ ಕಚ್ಚಿಕೊಂಡು ಉಜ್ಜಿದರೂ ಬಿಡುವುದಿಲ್ಲ. ಮೊಟ್ಟೆ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ, ಒಂದು ಚಮಚ ಕೆನೆ. ಮುಚ್ಚಳ ಬಿಗಿದು ಕೂದಲೆಳೆಯಷ್ಟು ಸಡಿಲಿಸಿ; ಪೂರ್ತಿ ಬಿಗಿದರೆ ತಣಿಯುವಾಗ ಒಳಗಿನ ಗಾಳಿ ಕುಗ್ಗಿ ತೆಗೆಯಲಾಗದು. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ. ನೀರು ಮುಚ್ಚಳದ ಅಂಚಿಗಿಂತ ತುಸು ಕೆಳಗಿರಲಿ. ಏಳೆಂಟು ನಿಮಿಷ ಸಾಕು. ಫ್ರಿಜ್ಜಿನಲ್ಲಿಟ್ಟ ಬಟ್ಟಲನ್ನು ನೇರವಾಗಿ ಬಿಸಿನೀರಿಗಿಳಿಸಿದರೆ ಪಿಂಗಾಣಿ ಸೀಳುತ್ತದೆ.

ಬಹಳ ಜನ ಎಡವುವುದು ಉರಿಯಲ್ಲಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗೆಂದು ಉರಿ ಏರಿಸಬೇಡಿ. ಬಿಳಿಭಾಗ 62 ಡಿಗ್ರಿಯ ಸುತ್ತ ಗಟ್ಟಿಯಾಗತೊಡಗುತ್ತದೆ, ಹಳದಿ 65ಕ್ಕೆ ಮಂದವಾಗುತ್ತದೆ. ಕೊತಕೊತ ಕುದಿಸಿದರೆ ಬಿಳಿ ರಬ್ಬರಾಗುತ್ತದೆ. ತಳದಿಂದ ಸಣ್ಣ ಗುಳ್ಳೆ ಏಳುತ್ತಿರಲಿ. ಬೇಕಿದ್ದರೆ ಒಂದು ನಿಮಿಷ ಹೆಚ್ಚು ಬಿಡಿ.

ಈ ಮೆಲ್ಲುರಿಯ ಬೇಯಿಸುವಿಕೆಗೇ ಇಂಗ್ಲಿಷಿನಲ್ಲಿ ‘ಕಾಡಲ್’ ಎನ್ನುವುದು. 16ನೇ ಶತಮಾನದ ಕೊನೆಗೆ ಹಣ್ಣನ್ನು ಹದವಾಗಿ ಬೇಯಿಸುವುದಕ್ಕೆ ಆ ಮಾತು ಬಂತು. ಅತಿಯಾಗಿ ಆರೈಕೆ ಮಾಡು ಎಂಬ ಅರ್ಥ 19ನೇ ಶತಮಾನದ ಆರಂಭದ್ದು. ಅದರ ಹಿಂದೆ ಹೆಚ್ಚುಕಡಿಮೆ ಅದೇ ಉಚ್ಚಾರದ ಇನ್ನೊಂದು ಹಳೆಯ ಪದವಿದೆ ಎನ್ನುತ್ತಾರೆ ನಿಘಂಟುಕಾರರು: ರೋಗಿಗೂ ಬಾಣಂತಿಗೂ ಕೊಡುತ್ತಿದ್ದ ಬೆಚ್ಚನೆಯ ಗಂಜಿ. ಮೂಲ ಲ್ಯಾಟಿನ್ನಿನ ‘ಕಾಲಿಡುಸ್’, ಅಂದರೆ ಬಿಸಿ. ನಮ್ಮಲ್ಲೂ ನೀರು ಕಾಯುತ್ತದೆ, ತಾಯಿ ಮಗುವನ್ನು ಕಾಯುತ್ತಾಳೆ. ಧಾತು ಬೇರೆಬೇರೆ, ಕಿವಿಗೆ ಒಂದೇ.

‘ಕಾಡಲ್’ ಅನ್ನು ಕನ್ನಡದಲ್ಲಿ ಬರೀ ‘ಮುದ್ದಿಸು’ ಎಂದರೆ ತೂಕ ಸಾಲದು. ಬೆಳೆದ ಮಗನ ವಿಷಯದಲ್ಲಿ ‘ಕಾಡಲ್’ ಎಂದರೆ ‘ತಲೆ ಮೇಲೆ ಕೂರಿಸಿಕೊಂಡಿದ್ದೀರಿ’ ಎಂಬ ಆಕ್ಷೇಪ. ‘ಮಾಲಿಕಾಡಲ್’ ಎಂದರೆ ಆಕ್ಷೇಪ ಇನ್ನೂ ಖಾರ. ‘ಕಡಲ್’ ಬೇರೆಯೇ ಪದ, ಅಪ್ಪಿಕೊಳ್ಳುವುದು. ಇಂಗ್ಲಿಷಿನಲ್ಲಿ ಬರೆಯುವಾಗ ‘ಓ’ ಬದಲು ‘ಯು’ ಬಿದ್ದರೆ ಅರ್ಥವೇ ಪಲ್ಟಿ.

ಒಂದು ಎಚ್ಚರಿಕೆ. ಆರೈಕೆ ಬೇಕಾದವರಿಗೇ, ಅಂದರೆ ಗರ್ಭಿಣಿ, ಪುಟ್ಟ ಮಕ್ಕಳು, ವಯಸ್ಸಾದವರಿಗೆ, ಅರೆಬೆಂದ ಹಳದಿ ಬೇಡ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿದಿರಬಹುದು. ಅವರ ಬಟ್ಟಲನ್ನು ಹಳದಿ ಪೂರ್ತಿ ಗಟ್ಟಿಯಾಗುವವರೆಗೆ ನೀರಿನಲ್ಲೇ ಬಿಡಿ.