ಕಾಲು (1/4) ಅಳತೆಯ ಪಾಲಿಸ್ಟೋನ್ ಪ್ರತಿಮೆಗಳು: ಹುಬ್ಬಳ್ಳಿ ಧೂಳಿನಲ್ಲಿ ಬಾಳಿಕೆ ಹೇಗೆ?

ಹುಬ್ಬಳ್ಳಿ-ಧಾರವಾಡದ ಕಡೆ ಲಿಮಿಟೆಡ್ ಎಡಿಷನ್ ಸೈ-ಫೈ ಸಿನಿಮಾ ಪ್ರತಿಮೆ ಕೂಡಿಸಬೇಕೆಂದರೆ ಮೊದಲು ಕಪಾಟು ಮಾಡಿಸಿ, ಆಮೇಲೆ ಪ್ರತಿಮೆ ಬುಕ್ ಮಾಡಿ. ಪ್ರೀ-ಆರ್ಡರ್ ಹಾಕಿದ ಮೇಲೆ ಹೇಳಿದ ತಿಂಗಳಿಗೆ ಮಾಲು ಬರುವುದು ಅಪರೂಪ. ಬಡಿಗೇರರು ಎಷ್ಟು ಸಲ ‘ನಾಳೆ’ ಅಂದರೂ ಅಷ್ಟರೊಳಗೆ ಕಪಾಟು ಮುಗಿದಿರುತ್ತದೆ.

ಪಾಲಿಸ್ಟೋನ್ ಅಂದರೆ ರೆಸಿನ್‌ಗೆ ಕಲ್ಲಿನ ಪುಡಿ ಬೆರೆಸಿ ಅಚ್ಚಿಗೆ ಹೊಯ್ದದ್ದು. ಭಾರ ಜಾಸ್ತಿ, ಬಿದ್ದರೆ ಬಗ್ಗುವುದಿಲ್ಲ, ಪಿಂಗಾಣಿ ಬಸಿಯಂತೆ ಒಡೆಯುತ್ತದೆ. 1/4 ಅಳತೆಯಲ್ಲಿ ಎರಡು ಮೀಟರ್ ಎತ್ತರದ ಪಾತ್ರ 50 ಸೆಂ.ಮೀ. ಆಗುತ್ತದೆ, ಪೀಠದ ಎತ್ತರ ಬೇರೆ. ಬ್ರೆಜಿಲ್‌ನ ಐರನ್ ಸ್ಟುಡಿಯೋಸ್ ಮಾಡುವ 1/10 ಸರಣಿಯಲ್ಲಿ ಅದೇ ಪಾತ್ರ 20 ಸೆಂ.ಮೀ.

ಈ ಅಳತೆಯ ವ್ಯತ್ಯಾಸ ಜೇಬಿಗೆ ತಟ್ಟುವುದು ಸಾಗಣೆಯಲ್ಲಿ. ಕೊರಿಯರ್‌ನವರು ನಿಜವಾದ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಹೆಚ್ಚಿರುವುದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ನೋಡಿ. 70×55×45ರ ಪೆಟ್ಟಿಗೆ 34.65 ಕೆ.ಜಿ. ಆಗುತ್ತದೆ, ಒಳಗಿನ ಮಾಲು 14 ಕೆ.ಜಿ. ಇದ್ದರೂ. 1/10ರ 30×25×25 ಪೆಟ್ಟಿಗೆ ಬರೀ 3.75. ಕಸ್ಟಮ್ಸ್ ಸುಂಕ ಬೀಳುವುದು ಪ್ರತಿಮೆಯ ಬೆಲೆಗೆ ಸಾಗಣೆ, ವಿಮೆ ಕೂಡಿಸಿದ ಮೊತ್ತದ ಮೇಲೆ. ಆ ಸುಂಕವನ್ನೂ ಕೂಡಿಸಿ ಅದರ ಮೇಲೆ ಐಜಿಎಸ್‌ಟಿ. ಬಿಲ್‌ನಲ್ಲಿ ‘ಟಾಯ್’ ಅಂತ ಬರೆದಿದ್ದರೆ ಇನ್ನೂ ತಲೆನೋವು: ಆಟಿಕೆಗಳ ಮೂಲ ಸುಂಕ 2020ರಲ್ಲಿ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗೆ ಬಿಐಎಸ್ ಗುರುತೂ ಕಡ್ಡಾಯ. ಹಾಗಾಗಿ ‘ಅಲಂಕಾರದ ಪ್ರತಿಮೆ, ಪಾಲಿರೆಸಿನ್’ ಎಂದು ಇದ್ದದ್ದನ್ನು ಇದ್ದಂತೆ ಬರೆಯಲು ಮಾರುವವರಿಗೆ ಮೊದಲೇ ತಿಳಿಸಿ. ಬೆಲೆ ಕಡಿಮೆ ಬರೆಸುವ ಜಾಣತನ ಮಾತ್ರ ಬೇಡ. ಸಿಕ್ಕಿಬಿದ್ದರೆ ದಂಡ, ಒಡೆದರೆ ವಿಮೆಯೂ ಆ ಕಡಿಮೆ ಬೆಲೆಗೇ.

ಪೆಟ್ಟಿಗೆ ಬಿಚ್ಚುವಾಗ ಇಬ್ಬರಿರಬೇಕು, ಮೊಬೈಲ್ ವಿಡಿಯೋ ಓಡುತ್ತಿರಬೇಕು. ಪೆಟ್ಟಿಗೆ ಮಲಗಿಸಿ, ಥರ್ಮಾಕೋಲಿನ ಮೇಲಿನ ಅರ್ಧ ಎತ್ತಿ. ಕೈ, ಆಯುಧ ಹಿಡಿದು ಎಳೆಯಬೇಡಿ, ನಡು ಹಿಡಿಯಿರಿ. ಮೊದಲು ಪೀಠ, ಆಮೇಲೆ ಕಾಲು, ಕಡೆಗೆ ತಲೆ. ಕಾಲಿನ ಕಬ್ಬಿಣದ ಸಳಿ ಪೀಠದ ತೂತಿಗೆ ಇಳಿಯದಿದ್ದರೆ ಒತ್ತಬೇಡಿ. ಬಹಳ ಸಲ ತೂತಿನೊಳಗೆ ಬಣ್ಣ ಕಟ್ಟಿಕೊಂಡಿರುತ್ತದೆ. 400 ನಂಬರಿನ ಪಾಲಿಶ್ ಪೇಪರ್ ಸುರುಳಿ ಮಾಡಿ ನಾಲ್ಕು ಸುತ್ತು ತಿರುವಿದರೆ ಕೆಲಸ ಆಗುತ್ತದೆ. ಒತ್ತಿದರೆ ಪಾದದ ಕೀಲೇ ಸೀಳುತ್ತದೆ.

ವರ್ಷಗಟ್ಟಲೆ ಇಟ್ಟ ಮೇಲೆ ಮೊದಲು ಕೈಕೊಡುವುದು ಆಯಸ್ಕಾಂತ. ತಲೆ, ಕೈ ಬದಲಿಸಲೆಂದು ಕೂರಿಸಿದ ಗುಂಡಿಯಂಥ ನಿಯೋಡಿಮಿಯಮ್ ಬಿಲ್ಲೆಗೆ ಕಾರ್ಖಾನೆಯಲ್ಲಿ ತೆಳ್ಳಗೆ ಅಂಟು ಹಾಕಿರುತ್ತಾರೆ. ಒಂದು ದಿನ ತಲೆ ಎತ್ತಿದರೆ ಕುತ್ತಿಗೆಯ ಬಿಲ್ಲೆಯೂ ಜೊತೆಗೇ ಬಂದಿರುತ್ತದೆ. ಅದನ್ನು ತಲೆಯಿಂದ ಕೀಳುವ ಮುಂಚೆ ಕುತ್ತಿಗೆ ಕಡೆಯ ಮುಖಕ್ಕೆ ಮಾರ್ಕರ್ ಚುಕ್ಕೆ ಇಡಿ. ಚುಕ್ಕೆ ಕೆಳಗೆ ಬರುವಂತೆ ಎರಡು ಟ್ಯೂಬಿನ ಅರಾಲ್ಡೈಟ್‌ನಲ್ಲಿ ಕೂರಿಸಿ, ಒಂದು ರಾತ್ರಿ ಬಿಡಿ. ತಿರುವುಮುರುವಾದರೆ ತಲೆ ಕೂರುವುದೇ ಇಲ್ಲ, ಒಣಗಿದ ಅರಾಲ್ಡೈಟ್ ಕೆರೆಯುವಾಗ ಕುತ್ತಿಗೆಯ ಬಣ್ಣವೂ ಹೋಗುತ್ತದೆ. ಫೆವಿಕ್ವಿಕ್ ಬೇಡ: ಏಟು ತಾಳುವುದಿಲ್ಲ, ಅದರ ಆವಿ ಸುತ್ತಲಿನ ಕಪ್ಪು ಬಣ್ಣದ ಮೇಲೆ ಬೂದಿ ಬಳಿದಂತೆ ಕೂರುತ್ತದೆ.

ಧೂಳಿನ ವಿಷಯಕ್ಕೆ ಬರೋಣ. ಎರೆಹೊಲದ ಸೀಮೆ ನಮ್ಮದು, ಬೇಸಿಗೆಯಲ್ಲಿ ಕಿಟಕಿ ತೆರೆದರೆ ಸಾಕು. ಗದಗಿನ ಕಡೆ ಆಷಾಢದ ಗಾಳಿ ಇನ್ನೂ ಜೋರು. ಸರಿಯುವ ಗಾಜಿನ ಬಾಗಿಲಿನ ಎರಡು ಹಾಳೆಗಳ ನಡುವಿನ ಸಂದಿಯೇ ಧೂಳಿಗೆ ಹೆದ್ದಾರಿ. ಕೀಲಿನ ಬಾಗಿಲು ಮಾಡಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿ. ಹಲಗೆಗೆ 18 ಎಂ.ಎಂ. ಪ್ಲೈವುಡ್, 1/4ರ ಪ್ರತಿಮೆಗಳು ಕೆಳಗಿನ ಖಾನೆಯಲ್ಲಿ. ತೆಳು ಗಾಜಿನ ರೆಡಿಮೇಡ್ ಷೋಕೇಸ್ 1/10ಕ್ಕೆ ಸರಿ, ದೊಡ್ಡದನ್ನು ಅದರಲ್ಲಿ ಇಡುವುದು ಧೈರ್ಯದ ಕೆಲಸ. ಕಪಾಟಿನ ಸಂದಿಗಳಿಗೆ ಸಿಲಿಕೋನ್ ಅಂಟು ಹಚ್ಚಿದ ಮೇಲೆ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಏನೂ ಇಡಬೇಡಿ. ಎಲ್‌ಇಡಿ ಪಟ್ಟಿಯ ಅಡಾಪ್ಟರ್ ಕಪಾಟಿನ ಹೊರಗಿರಲಿ.

ಅಷ್ಟು ಮಾಡಿದರೂ ಒಂದಿಷ್ಟು ಧೂಳು ಕೂತೇ ಕೂರುತ್ತದೆ. ಕ್ಯಾಮೆರಾ ಬ್ಲೋವರ್‌ನಿಂದ ಊದಿ, ಆಮೇಲೆ ಮೃದುವಾದ ಮೇಕಪ್ ಬ್ರಷ್ ಮೇಲಿನಿಂದ ಕೆಳಗೆ. ಮೊದಲೇ ಬಟ್ಟೆ ಹಾಕಿ ಒರೆಸಿದರೆ ಮಣ್ಣಿನ ಕಣ ಗೀರುತ್ತದೆ. ಕ್ರೋಮ್ ಮೆರುಗಿನ ರೋಬೋಟ್‌ಗಳಲ್ಲಿ ಈ ಗೀರು ಎದ್ದು ಕಾಣುತ್ತದೆ, ಬೆರಳಚ್ಚೂ ಉಳಿಯುತ್ತದೆ. ಹತ್ತಿಯ ಕೈಗವಸು ಹಾಕಿಕೊಂಡೇ ಮುಟ್ಟಿ. ಗಾಜು ಒರೆಸುವ ದ್ರವ ಕ್ರೋಮ್‌ಗೆ ಸೋಕಬಾರದು. ಮಳೆಗಾಲದಲ್ಲಿ, ಮುಖ್ಯವಾಗಿ ಧಾರವಾಡದಲ್ಲಿ, ಪ್ರತಿಮೆಗಿಂತ ಹೆಚ್ಚು ಹಾಳಾಗುವುದು ಅಟ್ಟದ ಮೇಲಿನ ಖಾಲಿ ಪೆಟ್ಟಿಗೆ. ಸಿಲಿಕಾ ಜೆಲ್ ಹಾಕಿ, ಗೋಡೆಗೆ ತಾಗದಂತೆ ಇಡಿ.

ಬಣ್ಣದ ಬಾಳಿಕೆಗೆ ಪೂರ್ತಿ ಅಂಕ, ನೇರ ಬಿಸಿಲು ಬೀಳದಿದ್ದರೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಅಂಕ: ಸೆಕೆಗೆ ಒಳಗಿನ ಮೃದುಕಾರಕ ಹೊರಬಂದು ಕೈಗೆ ಅಂಟುತ್ತವೆ. ಬಿಡಿಸಿ ತೆಗೆಯಲು ಬಂದರೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಕೊಳ್ಳುವ ಮುಂಚೆ ಮೂಲ ಸಿನಿಮಾದ ವಿನ್ಯಾಸ ಗೊತ್ತಿರಲಿ. 1979ರ ‘ಏಲಿಯನ್’ ಜೀವಿಯ ತಲೆ ಮೇಲೆ ನಯವಾದ ಪಾರದರ್ಶಕ ಗುಮ್ಮಟವಿದೆ, 1986ರ ಮುಂದಿನ ಭಾಗದಲ್ಲಿ ಅದಿಲ್ಲ, ತಲೆ ಏಣು ಏಣಾಗಿದೆ. ಮಾರುವವರು ಒಂದರ ಹೆಸರಲ್ಲಿ ಇನ್ನೊಂದನ್ನು ತೋರಿಸುವುದುಂಟು.

ಪೀಠದ ಕೆಳಗಿನ ನಂಬರಿಗೆ ಹೆಚ್ಚಿನ ದುಡ್ಡು ಕೊಡಬೇಡಿ. 1500 ಪ್ರತಿಗಳಲ್ಲಿ 12ನೆಯದೂ 1212ನೆಯದೂ ಬಂದದ್ದು ಅದೇ ಮೂಲ ಮಾದರಿಯಿಂದ. ಮರುಮಾರಾಟದಲ್ಲಿ ಕೇಳುವುದು ಚಿತ್ರವಿರುವ ಪೆಟ್ಟಿಗೆ, ಅದರ ಹೊರಗಿನ ಕಂದು ರಟ್ಟು, ಒಳಗಿನ ಥರ್ಮಾಕೋಲ್, ಬದಲಿ ತಲೆ ಎಲ್ಲ ಇವೆಯೇ ಎಂದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮಾರುವುದಾದರೆ ಬಸ್ ಪಾರ್ಸೆಲ್‌ಗೆ ಹಾಕಬೇಡಿ. ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಬಿಗಿದು ಒಯ್ಯಿರಿ, ತಲೆ ಮತ್ತು ಕೈಗಳು ಬೇರೆ ಚೀಲದಲ್ಲಿ.